ಬರೆದವರ ಪಾಲು

ಮಲಯಾಳಂ ಕಥೆ-ಕಾದಂಬರಿಗಳನ್ನು ಮನಸಾರೆ ಹೊಗಳುತ್ತೇವೆ. ಅವನ್ನು ಬರೆದವರು ಕಸುಬು ಕಲಿತ ಬಗೆ, ಸಂಸಾರ ತೂಗಿಸಿದ ಬಗೆಯೂ ಅಷ್ಟೇ ಮೆಚ್ಚತಕ್ಕದ್ದು.

ವಕೀಲಿ ಓದಲು ತಿರುವನಂತಪುರಕ್ಕೆ ಬಂದ ತಕಳಿ ಶಿವಶಂಕರ ಪಿಳ್ಳೆಯವರಿಗೆ ನಿಜವಾದ ಪಾಠ ಸಿಕ್ಕಿದ್ದು ‘ಕೇಸರಿ’ ಪತ್ರಿಕೆಯ ಎ. ಬಾಲಕೃಷ್ಣ ಪಿಳ್ಳೆಯವರ ಒಡನಾಟದಲ್ಲಿ. ಮೊಪಾಸಾ, ಚೆಕಾಫರ ಕಥೆಗಳು ತಕಳಿಯವರ ಕಣ್ಣಿಗೆ ಬಿದ್ದದ್ದು ಅಲ್ಲಿಯೇ. ಒಳ್ಳೆಯದನ್ನು ಓದಿಸಿ, ಬರೆದದ್ದನ್ನು ಮುಲಾಜಿಲ್ಲದೆ ತೂಗುವ ಇಂಥ ಹಿರಿಯರು ಊರಿಗೊಬ್ಬರಿದ್ದರೆ!

ಕೊಚ್ಚಿಯದು ಇನ್ನೊಂದು ಪಾಠ. ವೈಕಂ ಮುಹಮ್ಮದ್ ಬಷೀರ್ ಎರ್ನಾಕುಲಂನಲ್ಲಿ ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಮನೆಮನೆಗೆ ಹೋಗಿ ಮಾರಿದರು; ಮುಂದೆ ಅಲ್ಲೇ ಪುಸ್ತಕದಂಗಡಿಯನ್ನೂ ಇಟ್ಟರು. ಪುಸ್ತಕದ ಹೊರೆ ಹೊತ್ತು ಊರೂರು ತಿರುಗಿದ ನಮ್ಮ ಗಳಗನಾಥರ ನೆನಪಾಗದೆ ಇರದು.

ಆದರೆ ಒಬ್ಬೊಬ್ಬರೇ ಎಷ್ಟು ದಿನ ಹೊತ್ತಾರು? ತಿರುವನಂತಪುರ, ಕೊಚ್ಚಿಗಳ ನಡುವಿನ ಕೋಟ್ಟಯಂನಲ್ಲಿ 1945ರಲ್ಲಿ 12 ಮಂದಿ ಬರಹಗಾರರು 120 ರೂಪಾಯಿ ಬಂಡವಾಳ ಕೂಡಿಸಿ ಸಾಹಿತ್ಯ ಪ್ರವರ್ತಕ ಸಹಕರಣ ಸಂಘ ಕಟ್ಟಿದರು. ವಿಮರ್ಶಕ ಎಂ.ಪಿ. ಪೋಲ್ ಅಧ್ಯಕ್ಷರು, ಕಥೆಗಾರ ಕಾರೂರ್ ನೀಲಕಂಠ ಪಿಳ್ಳೆ ಕಾರ್ಯದರ್ಶಿ. ಮೊದಲು ಅಚ್ಚಾದದ್ದು ತಕಳಿಯವರ ಕಥಾಸಂಕಲನ. ಬರೆದವರಿಗೆ ಸಂಘ ಕೊಡುತ್ತಿದ್ದುದು ಶೇಕಡಾ 30ರಷ್ಟು ರಾಯಧನ! ಶೇಕಡಾ 10 ಕೈಸೇರಿದರೆ ಪುಣ್ಯ ಎಂದುಕೊಳ್ಳುವ ನಮ್ಮ ಕಥೆಗಾರರು ಈ ಅಂಕಿಯನ್ನು ಎರಡು ಸಲ ಓದಿಕೊಳ್ಳಬೇಕು. ದಾನವಲ್ಲ, ಪ್ರಶಸ್ತಿಯಲ್ಲ, ಮಾರಾಟವಾದ ಪ್ರತಿಯ ಮೇಲಿನ ಹಕ್ಕು ಅದು. ಶಾಲಾ ಮಾಸ್ತರಿಕೆ ಮಾಡಿ ಬಡತನ ಕಂಡಿದ್ದ ಕಾರೂರರು ಸಂಘದ ಕೆಲಸಕ್ಕೆ ವರ್ಷಗಟ್ಟಲೆ ದುಡಿದರು. ಜೊತೆಜೊತೆಗೇ ತಮ್ಮ ಕಥೆಗಳನ್ನೂ ಬರೆದರು.