ಕ್ರೀಡಾಭಿಮಾನಿಯ ಮುನಿಸು: ಒಂದು ರಸವಿಚಾರ

೧

ಆಟವನ್ನು ಆಡುವವನ ಕೌಶಲವನ್ನು ಕುರಿತು ಬರೆದವರು ಅನೇಕರು. ಅದನ್ನು ನೋಡುವವನ ಮನಸ್ಸನ್ನು ಕುರಿತು ವಿಚಾರ ಮಾಡಿದವರು ವಿರಳ. ಕಾವ್ಯವನ್ನು ಓದುವವನನ್ನು ಸಹೃದಯನೆಂದೂ ನಾಟಕವನ್ನು ನೋಡುವವನನ್ನು ಸಾಮಾಜಿಕನೆಂದೂ ಕರೆದು, ಅವನಿಗೆ ಉಂಟಾಗುವ ಅನುಭವದ ಸ್ವರೂಪವೇನೆಂಬುದನ್ನು ಸಾವಿರ ವರ್ಷಗಳ ಹಿಂದೆಯೇ ಸೂಕ್ಷ್ಮವಾಗಿ ವಿವೇಚಿಸಿದ ಪರಂಪರೆ ನಮ್ಮದು. ಆ ವಿವೇಚನೆಯ ಫಲ ಕ್ರೀಡಾಂಗಣದ ಪ್ರೇಕ್ಷಕನವರೆಗೆ ಅಷ್ಟಾಗಿ ತಲಪಿಲ್ಲ. ಅವನನ್ನು ಕನ್ನಡಿಗರು ‘ಅಭಿಮಾನಿ’ ಎನ್ನುತ್ತಾರೆ. ಈ ಮಾತು ವಿಚಾರಾರ್ಹವಾದುದು. ಅಭಿಮಾನವೆಂದರೆ ಒಂದು ವಸ್ತುವನ್ನು ತನ್ನದೆಂದು ಭಾವಿಸುವುದು. ಭೋಜರಾಜನು ‘ಶೃಂಗಾರಪ್ರಕಾಶ’ದಲ್ಲಿ ರಸದ ಬೇರನ್ನು ಅಹಂಕಾರ ಅಥವಾ ಅಭಿಮಾನದಲ್ಲಿಯೇ ಕಂಡನೆಂಬುದು ಅಲಂಕಾರಶಾಸ್ತ್ರದ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿ.

ಆದರೆ ಅಭಿಮಾನಿಯು ತನ್ನದೆಂದು ಭಾವಿಸಿದ ತಂಡ ಕಾನೂನಿನ ದೃಷ್ಟಿಯಲ್ಲಿ ಅವನದಲ್ಲ. ಅದಕ್ಕೆ ಮಾಲೀಕರಿದ್ದಾರೆ, ಅಲ್ಲಿ ಆಡುವವರು ವೇತನ ಪಡೆಯುವ ವೃತ್ತಿಗಾರರು. ಇವರೊಳಗೆ ವಿವಾದವೆದ್ದು ಆಟ ನಿಂತಾಗ ಈ ಸತ್ಯ ಹೊರಗೆ ಕಾಣುತ್ತದೆ. ವಿವಾದ ತೀರಿ ಆಟ ಮರಳಿದ ಮೇಲೆ ಅಭಿಮಾನಿ ಹೇಗೆ ನಡೆದುಕೊಳ್ಳುತ್ತಾನೆ? ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಟಿಕೆಟ್ಟಿನ ಲೆಕ್ಕದ್ದು: ಜನ ಕಡಿಮೆ ಬಂದರೆ ಮುನಿದಿದ್ದಾರೆ, ಹೆಚ್ಚು ಬಂದರೆ ಕ್ಷಮಿಸಿದ್ದಾರೆ ಎಂಬುದು. ಈ ಉತ್ತರ ಸಾಲದು ಎಂಬುದೇ ಪ್ರಕೃತ ಲೇಖನದ ಪ್ರತಿಪಾದ್ಯ. ಇದನ್ನು ಪರಿಶೀಲಿಸಲು ಹೊರನಾಡಿನ ಮೂರು ನಿದರ್ಶನಗಳನ್ನೂ ಬೆಂಗಳೂರಿನ ಒಂದನ್ನೂ ತೆಗೆದುಕೊಂಡಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ, ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಐದು ತಾಲ್ಲೂಕುಗಳ ರಂಗಪ್ರೇಕ್ಷಕನ ನಡವಳಿಕೆಯನ್ನು ಒರೆಗಲ್ಲಾಗಿ ಇಟ್ಟುಕೊಂಡಿದೆ.

೨

ಮೊದಲನೆಯದು ಅಮೆರಿಕದ ಬೇಸ್‌ಬಾಲ್ ಆಟದ ಪ್ರಸಂಗ. ಆಟಗಾರರ ವೇತನದ ಒಟ್ಟು ಮೊತ್ತಕ್ಕೆ ಮಿತಿಯನ್ನು ಹಾಕಬೇಕೆಂದು ಮಾಲೀಕರು ಹಟ ಹಿಡಿದರು. ಆಟಗಾರರ ಸಂಘ ಒಪ್ಪಲಿಲ್ಲ. ೧೯೯೪ರ ಆಗಸ್ಟ್ ೧೨ರಂದು ಆರಂಭವಾದ ಮುಷ್ಕರ ೨೩೨ ದಿನಗಳ ಕಾಲ ನಡೆಯಿತು. ಋತುವಿನ ಕೊನೆಯ ಭಾಗವೆಲ್ಲ ನಷ್ಟವಾಯಿತು. ೧೯೦೪ರಿಂದೀಚೆಗೆ ಒಂದು ವರ್ಷವೂ ತಪ್ಪದಿದ್ದ ‘ವರ್ಲ್ಡ್ ಸೀರೀಸ್’ ಎಂಬ ಅಂತಿಮ ಸರಣಿ ಆ ವರ್ಷ ನಡೆಯಲಿಲ್ಲ. ೧೯೯೫ರ ಮಾರ್ಚ್ ೩೧ರಂದು ನ್ಯಾಯಾಧೀಶೆ ಸೋನಿಯಾ ಸೊಟೊಮೇಯರ್ ಅವರು ಮಾಲೀಕರ ವಿರುದ್ಧ ತಡೆಯಾಜ್ಞೆ ನೀಡಿದ ಮೇಲೆ ಆಟ ಮತ್ತೆ ತೊಡಗಿತು. ಒಂದು ಪಂದ್ಯಕ್ಕೆ ಸುಮಾರು ೩೧,೦೦೦ ಇದ್ದ ಪ್ರೇಕ್ಷಕರ ಸರಾಸರಿ ಸಂಖ್ಯೆ ೧೯೯೫ರಲ್ಲಿ ಸುಮಾರು ೨೫,೦೦೦ಕ್ಕೆ ಇಳಿಯಿತು. ಎಂದರೆ ಐದರಲ್ಲಿ ಒಂದು ಪಾಲು ಜನ ಬರಲಿಲ್ಲ.

ಎರಡನೆಯದು ಉತ್ತರ ಅಮೆರಿಕದ ಐಸ್ ಹಾಕಿ ಲೀಗಿನದು. ಇಲ್ಲಿಯೂ ವಿವಾದದ ಮೂಲ ವೇತನಮಿತಿಯೇ. ೨೦೦೪ರ ಸೆಪ್ಟೆಂಬರಿನಲ್ಲಿ ಮಾಲೀಕರು ಬೀಗಮುದ್ರೆ ಘೋಷಿಸಿದರು. ಮುಂದಿನ ಫೆಬ್ರವರಿಯಲ್ಲಿ ಇಡೀ ಋತುವೇ ರದ್ದಾಯಿತು. ೧,೨೩೦ ಪಂದ್ಯಗಳಲ್ಲಿ ಒಂದೂ ನಡೆಯಲಿಲ್ಲ. ನಷ್ಟದ ಪ್ರಮಾಣವನ್ನು ನೋಡಿದರೆ ಇದು ಬೇಸ್‌ಬಾಲಿನದಕ್ಕಿಂತ ದೊಡ್ಡದು. ಮುನಿಸೂ ಅದಕ್ಕೆ ತಕ್ಕಂತೆ ದೊಡ್ಡದಾಗಿರಬೇಕಿತ್ತು. ಆದರೆ ೨೦೦೫-೦೬ರಲ್ಲಿ ಆಟ ಮರಳಿದಾಗ ಪ್ರೇಕ್ಷಕರ ಸರಾಸರಿ ಸಂಖ್ಯೆ ಸುಮಾರು ೧೬,೫೦೦ರಿಂದ ೧೭,೦೦೦ದ ಸಮೀಪಕ್ಕೆ ಏರಿತು.

ಒಂದೇ ಬಗೆಯ ವಿವಾದ. ಫಲ ಮಾತ್ರ ಪರಸ್ಪರ ವಿರುದ್ಧ. ಹಾಕಿ ಲೀಗು ಆಟದ ನಿಯಮಗಳನ್ನು ಬದಲಿಸಿ ವೇಗವನ್ನು ಹೆಚ್ಚಿಸಿತು, ಕೆಲವು ತಂಡಗಳು ಟಿಕೆಟ್ಟಿನ ಬೆಲೆಯನ್ನು ಇಳಿಸಿದುವು ಎಂಬ ಸಮಾಧಾನ ಉಂಟು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಬೆಲೆ ಮತ್ತು ವೇಗಗಳು ಮಾರುವ ವಸ್ತುವಿಗೆ ಸಂಬಂಧಿಸಿದ ಕಾರಣಗಳು. ಮುನಿದ ಮನಸ್ಸು ಏತಕ್ಕಾಗಿ ಮುನಿಯಿತು ಎಂಬುದನ್ನು ಅವು ವಿವರಿಸಲಾರವು. ಅದಕ್ಕಾಗಿ ಬೇರೊಂದು ದಾರಿಯನ್ನು ಹಿಡಿಯಬೇಕಾಗುತ್ತದೆ.

೩

ಅಭಿನವಗುಪ್ತನು ‘ಅಭಿನವಭಾರತಿ’ಯಲ್ಲಿ ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಹೇಳಿದ್ದಾನೆ. ನೋಡುವವನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದು ಅವುಗಳಲ್ಲಿ ಒಂದು. ಈ ವಿಚಾರವನ್ನು ಆಟಕ್ಕೆ ಹೊಂದಿಸಿದರೆ ಒಂದು ಊಹೆ ಸುಲಭವಾಗಿ ಹೊಳೆಯುತ್ತದೆ: ಆಟಗಾರನು ವೀರನಲ್ಲ, ಸಂಬಳಕ್ಕೆ ದುಡಿಯುವವನು ಎಂಬುದು ಬಯಲಾದೊಡನೆ ಪ್ರೇಕ್ಷಕನ ತನ್ಮಯತೆ ಮುರಿಯುತ್ತದೆ, ಹಣದ ಮಾತು ಕಿವಿಗೆ ಬೀಳುವುದೇ ಇಲ್ಲಿಯ ರಸವಿಘ್ನ.

ಈ ಊಹೆಗೆ ಪೋಷಕವಾದ ಘಟನೆಯೂ ಉಂಟು. ೧೯೯೫ರ ಏಪ್ರಿಲಿನಲ್ಲಿ ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಊರ ತಂಡದ ಮೊದಲ ಪಂದ್ಯ ನಡೆಯುತ್ತಿದ್ದಾಗ ಮೂವರು ಪ್ರೇಕ್ಷಕರು ‘ದುರಾಸೆ’ ಎಂಬರ್ಥದ ಇಂಗ್ಲಿಷ್ ಪದವನ್ನು ಬರೆದ ಅಂಗಿಗಳನ್ನು ತೊಟ್ಟು ಅಂಗಣಕ್ಕೆ ನುಗ್ಗಿ, ಆಟಗಾರರ ಕಾಲಬಳಿ ಒಂದೊಂದು ಡಾಲರಿನ ನೋಟುಗಳನ್ನು ಎರಚಿದರು. ನ್ಯಾಯಾಲಯದ ಆಜ್ಞೆ ಹೊರಟದ್ದು ಮಾಲೀಕರ ವಿರುದ್ಧ. ನೋಟು ಬಿದ್ದದ್ದು ಆಟಗಾರರ ಕಾಲಬಳಿ. ಮಾಲೀಕನು ಕಣ್ಣಿಗೆ ಕಾಣುವವನಲ್ಲ. ಕೋಪವು ಕಾಣುವವನ ಮೇಲೆಯೇ ತಿರುಗುತ್ತದೆಂಬುದೂ ಇದರಿಂದ ತಿಳಿಯುತ್ತದೆ.

ಈಗ ನಮ್ಮ ಐದು ತಾಲ್ಲೂಕುಗಳ ಕಡೆಗೆ ತಿರುಗೋಣ. ಬಯಲಾಟಕ್ಕೂ ಊರ ನಾಟಕಕ್ಕೂ ಕಂಪನಿ ನಾಟಕಕ್ಕೂ ಈ ಸೀಮೆ ಮೊದಲಿನಿಂದ ಒಲಿದದ್ದು. ಇಲ್ಲಿಯೂ ಪ್ರೇಕ್ಷಕನು ನಟನಿಗೆ ನೋಟನ್ನು ನೀಡುತ್ತಾನೆ. ಒಂದು ಹಾಡು ಮನಸ್ಸಿಗೆ ಹಿಡಿಸಿದರೆ ನಾಟಕದ ನಡುವೆಯೇ ರಂಗವನ್ನೇರಿ ಪಾತ್ರಧಾರಿಯ ಉಡುಪಿಗೆ ನೋಟನ್ನು ಸಿಕ್ಕಿಸುತ್ತಾನೆ. ಕೊಟ್ಟವನ ಹೆಸರನ್ನೂ ಮೊತ್ತವನ್ನೂ ಧ್ವನಿವರ್ಧಕದಲ್ಲಿ ಸಾರುತ್ತಾರೆ. ಪಾತ್ರಕ್ಕಾಗಿ ಹೊರಗಿನಿಂದ ಕರೆಸಿದ ನಟಿಗೆ ಸಂಭಾವನೆ ಸಲ್ಲುತ್ತದೆಂಬುದು ಊರಿಗೆಲ್ಲ ಗೊತ್ತು. ಆ ಹಣಕ್ಕೆ ವಂತಿಗೆ ಕೊಟ್ಟವರೇ ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. ಹಣದ ಅರಿವು ಇಲ್ಲಿ ರಸಕ್ಕೆ ವಿಘ್ನವಾಗದು. ನೋಟು ಸಿಕ್ಕಿಸಿಕೊಂಡ ದ್ರೌಪದಿ ಮರುಕ್ಷಣದಲ್ಲಿ ಅತ್ತರೆ ನೋಡುವವರ ಕಣ್ಣಲ್ಲಿಯೂ ನೀರು ಬರುತ್ತದೆ.

ಕ್ರಿಯೆ ಒಂದೇ, ಅರ್ಥ ಬೇರೆ. ಒಂದು ಕಡೆ ನೋಟು ಅವಮಾನದ ಗುರುತು, ಇನ್ನೊಂದು ಕಡೆ ಮೆಚ್ಚಿಕೆಯ ಗುರುತು. ಆದುದರಿಂದ ಹಣದ ಪ್ರಸಕ್ತಿಯೇ ಅಭಿಮಾನಿಯನ್ನು ಮುನಿಸುತ್ತದೆಂಬ ಊಹೆ ನಿಲ್ಲುವುದಿಲ್ಲ. ಹಾಗಾದರೆ ಈ ಸೀಮೆಯ ಪ್ರೇಕ್ಷಕ ಮುನಿಯುವುದು ಯಾವಾಗ? ಕರಪತ್ರ ಹಂಚಿ, ದಿನವನ್ನು ಗೊತ್ತುಮಾಡಿ, ಜನರನ್ನು ಕೂಡಿಸಿ, ಆಮೇಲೆ ಪರದೆ ಏಳದಿದ್ದರೆ. ಎದ್ದ ಪರದೆ ಕಥೆ ಮುಗಿಯುವ ಮೊದಲೇ ಬಿದ್ದರೆ. ಬೆಳಗಿನವರೆಗೆ ಕುಳಿತಿರಲು ಸಿದ್ಧನಾಗಿ ಬಂದವನಿಗೆ ನಡುರಾತ್ರಿಯಲ್ಲಿ ಎದ್ದುಹೋಗೆಂದರೆ ಅವನು ಸುಮ್ಮನಿರಲಾರ. ಅವನು ಕೊಟ್ಟದ್ದು ಹಣಕ್ಕಿಂತ ಮಿಗಿಲಾದ ವಸ್ತು. ಅದು ಅವನ ಕಾಲ. ಅದಕ್ಕೆ ಪ್ರತಿಯಾಗಿ ಅವನು ಕೇಳುವುದು ಆರಂಭವಾದ ಕಥೆ ಮುಕ್ತಾಯವನ್ನು ಕಾಣಲಿ ಎಂಬುದಷ್ಟೆ.

೪

ಈ ಬೆಳಕಿನಲ್ಲಿ ಹಿಂದಿನ ನಿದರ್ಶನಗಳು ಬೇರೆಯಾಗಿ ತೋರುತ್ತವೆ. ಬೇಸ್‌ಬಾಲ್ ನಿಂತದ್ದು ಕಥೆಯ ನಡುವೆ. ಏಪ್ರಿಲಿನಿಂದ ದಿನದಿನವೂ ಹಿಂಬಾಲಿಸಿದ ಅಭಿಮಾನಿಗೆ ನಿರ್ವಹಣಸಂಧಿಯೇ ದೊರೆಯಲಿಲ್ಲ. ಐಸ್ ಹಾಕಿಯ ಆ ವರ್ಷದ ಕಥೆ ತೊಡಗಲೇ ಇಲ್ಲ. ನಷ್ಟ ದೊಡ್ಡದಾದರೂ ಮುರಿದದ್ದು ಯಾವುದೂ ಇರಲಿಲ್ಲ. ಕಾದವನಿಗೂ ನಡುವೆ ಕೈಬಿಡಲ್ಪಟ್ಟವನಿಗೂ ಇರುವ ಅಂತರವೇ ಈ ಎರಡು ಸಂಖ್ಯೆಗಳ ಅಂತರಕ್ಕೆ ಒಂದು ಮುಖ್ಯ ಕಾರಣವೆಂದು ತೋರುತ್ತದೆ.

ಕೆನಡಾದ ಮಾಂಟ್ರಿಯಲ್ ನಗರದ ಕಥೆ ಇದಕ್ಕೆ ಇನ್ನಷ್ಟು ಪುಷ್ಟಿಯನ್ನು ಕೊಡುತ್ತದೆ. ೧೯೯೪ರಲ್ಲಿ ಮುಷ್ಕರ ತೊಡಗಿದಾಗ ಬೇಸ್‌ಬಾಲಿನ ಎಲ್ಲ ತಂಡಗಳಿಗಿಂತ ಮುಂದಿದ್ದುದು ಆ ನಗರದ ‘ಎಕ್ಸ್‌ಪೋಸ್’ ತಂಡ. ಅದು ೭೪ ಪಂದ್ಯಗಳನ್ನು ಗೆದ್ದು ೪೦ರಲ್ಲಿ ಮಾತ್ರ ಸೋತಿತ್ತು. ಮುಷ್ಕರ ಮುಗಿದೊಡನೆ, ಖರ್ಚನ್ನು ತಗ್ಗಿಸಬೇಕೆಂದು, ಆ ತಂಡ ತನ್ನ ನಾಲ್ವರು ಪ್ರಮುಖ ಆಟಗಾರರನ್ನು ಕೈಬಿಟ್ಟಿತು. ಅಲ್ಲಿಯ ಅಭಿಮಾನಿ ಮರಳಿ ಬಂದಾಗ ಅವನಿಗೆ ಪರಿಚಿತವಾದ ತಂಡವೇ ಅಲ್ಲಿರಲಿಲ್ಲ. ೨೦೦೪ರ ಋತು ಮುಗಿದ ಮೇಲೆ ತಂಡವೇ ವಾಷಿಂಗ್ಟನ್ನಿಗೆ ವಲಸೆ ಹೋಯಿತು. ಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಕೋಪವು ಸಂಚಾರಿ, ಬಂದು ಹೋಗತಕ್ಕದ್ದು. ಅಭಿಮಾನವು ಸ್ಥಾಯಿ. ಆದರೆ ಆಲಂಬನವನ್ನೇ ಕಿತ್ತುಹಾಕಿದರೆ ಸ್ಥಾಯಿಗೂ ನೆಲೆಯಿರುವುದಿಲ್ಲ. ಇತರ ನಗರಗಳಲ್ಲಿ ಕೆಲವು ವರ್ಷಗಳಲ್ಲಿ ಆರಿದ ಮುನಿಸು ಇಲ್ಲಿ ಆರದೆ ಉಳಿದುದು ಇದರಿಂದಲೇ.

ಮೂರನೆಯ ನಿದರ್ಶನ ಕನ್ನಡಿಗರಿಗೆ ಹೆಚ್ಚು ಹತ್ತಿರದ್ದು. ೧೯೭೭ರಲ್ಲಿ ಕೆರಿ ಪ್ಯಾಕರ್ ಎಂಬ ದೂರದರ್ಶನ ವಾಹಿನಿಯ ಒಡೆಯನು ಹೆಚ್ಚಿನ ವೇತನ ಕೊಟ್ಟು ಆಸ್ಟ್ರೇಲಿಯದ ಪ್ರಮುಖ ಕ್ರಿಕೆಟಿಗರನ್ನು ತನ್ನ ಪ್ರತ್ಯೇಕ ಸರಣಿಗೆ ಸೆಳೆದುಕೊಂಡನು. ತಮ್ಮ ಮಂಡಳಿ ಕೊಡುತ್ತಿದ್ದ ಅಲ್ಪ ಸಂಭಾವನೆಯಿಂದ ಬೇಸತ್ತಿದ್ದ ಆಟಗಾರರು ಹೋದರು. ಉಳಿದ ತರುಣರಿಗೆ ನಾಯಕನಾಗಿ, ನಿವೃತ್ತನಾಗಿದ್ದ ಬಾಬ್ ಸಿಂಪ್ಸನ್ ತನ್ನ ೪೧ನೆಯ ವಯಸ್ಸಿನಲ್ಲಿ ಮರಳಿದನು. ಅವರ ಎದುರಾಳಿಯಾಗಿ ಹೋದ ಭಾರತ ತಂಡದಲ್ಲಿ ಕರ್ಣಾಟಕದ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್, ಕಿರ್ಮಾನಿ ಇದ್ದರು. ಮೆಲ್ಬರ್ನಿನ ಪಂದ್ಯದಲ್ಲಿ ಚಂದ್ರಶೇಖರ್ ಎರಡು ಇನ್ನಿಂಗ್ಸ್‌ಗಳಲ್ಲಿಯೂ ೫೨ ರನ್ನಿಗೆ ೬ ವಿಕೆಟ್ ಪಡೆದರು; ಆಸ್ಟ್ರೇಲಿಯದ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ವಿಜಯ ಅದು. ಸರಣಿ ಐದನೆಯ ಪಂದ್ಯದವರೆಗೂ ಸಮಸಮವಾಗಿ ಸಾಗಿ, ೩-೨ರಿಂದ ಆಸ್ಟ್ರೇಲಿಯದ ಪಾಲಾಯಿತು. ಪ್ರಸಿದ್ಧರು ಇಲ್ಲದಿದ್ದರೂ ಕಥೆ ಸರಿಯಾದ ಮುಕ್ತಾಯವನ್ನು ಕಂಡಿತು, ನೋಡುವವರೂ ಉಳಿದರು. ಮರುವರ್ಷ ಅದೇ ತರುಣ ತಂಡ ಇಂಗ್ಲೆಂಡಿನೆದುರು ೫-೧ರಿಂದ ಸೋತು ಸ್ಪರ್ಧೆಯೇ ನೀರಸವಾದ ಆ ಋತುವಿನಲ್ಲಿ ಜನ ಪ್ಯಾಕರನ ಕಡೆಗೆ ತಿರುಗಿದರು. ೧೯೭೮ರ ನವೆಂಬರ್ ೨೮ರಂದು ಸಿಡ್ನಿಯಲ್ಲಿ ದೀಪಗಳ ಬೆಳಕಿನಲ್ಲಿ ನಡೆದ ಅವನ ಪಂದ್ಯಕ್ಕೆ ೪೪,೦೦೦ಕ್ಕೂ ಮೇಲ್ಪಟ್ಟು ಜನ ಸೇರಿದರು. ಇವರನ್ನು ನಿಷ್ಠೆಯಿಲ್ಲದವರೆಂದು ಹಳಿಯುವುದು ಸುಲಭ. ಆದರೆ ಅವರ ನಿಷ್ಠೆ ಮಂಡಳಿಗೂ ಅಲ್ಲ, ಪ್ಯಾಕರನಿಗೂ ಅಲ್ಲ, ಸಮಬಲದ ಸ್ಪರ್ಧೆಗೆ ಸಲ್ಲುತ್ತಿತ್ತೆಂದು ತಿಳಿಯುವುದು ಹೆಚ್ಚು ಸಮಂಜಸ.

೫

ಇನ್ನು ನಮ್ಮ ನಾಡಿನ ಪ್ರಸಂಗ. ೨೦೧೩ರಲ್ಲಿ ಸ್ಥಾಪಿತವಾದ ಬೆಂಗಳೂರು ಎಫ್.ಸಿ. ಎಂಬ ಫುಟ್‌ಬಾಲ್ ತಂಡ ೨೦೧೮-೧೯ರಲ್ಲಿ ಇಂಡಿಯನ್ ಸೂಪರ್ ಲೀಗನ್ನು ಗೆದ್ದಿತ್ತು; ೨೦೨೫ರ ಏಪ್ರಿಲಿನಲ್ಲಿ ಅಂತಿಮ ಪಂದ್ಯದವರೆಗೆ ಬಂದು ಮೋಹನ್ ಬಾಗಾನ್ ಎದುರು ಸೋತಿತು. ಆ ಬೇಸಗೆ ಕಳೆಯುವುದರೊಳಗೆ ಲೀಗೇ ಅನಿಶ್ಚಿತವಾಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನು ಲೀಗನ್ನು ನಡೆಸುವ ವಾಣಿಜ್ಯ ಸಂಸ್ಥೆಯೊಡನೆ ೨೦೧೦ರಲ್ಲಿ ೧೫ ವರ್ಷಗಳಿಗೆ ಮಾಡಿಕೊಂಡಿದ್ದ ಒಪ್ಪಂದ ೨೦೨೫ರ ಡಿಸೆಂಬರಿನಲ್ಲಿ ಮುಗಿಯುವುದರಲ್ಲಿತ್ತು. ಮುಂದೇನೆಂಬುದು ಇತ್ಯರ್ಥವಾಗದೆ ಜುಲೈ ತಿಂಗಳಲ್ಲಿ ಹೊಸ ಋತುವನ್ನು ತಡೆಹಿಡಿದರು. ಆಗಸ್ಟಿನ ಆರಂಭದಲ್ಲಿ ಬೆಂಗಳೂರು ತಂಡ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಇದು ಮುಷ್ಕರವೂ ಅಲ್ಲ, ಬೀಗಮುದ್ರೆಯೂ ಅಲ್ಲ. ಒಡೆಯರೊಳಗಿನ ಒಪ್ಪಂದ ಕೂಡದೆ ದುಡಿಯುವವನ ಸಂಬಳ ನಿಂತ ಪ್ರಸಂಗ. ಕೊನೆಗೆ ೨೦೨೬ರ ಫೆಬ್ರವರಿ ೧೪ರಂದು ಲೀಗು ಆರಂಭವಾಯಿತು: ೧೪ ತಂಡಗಳು, ಒಂದೇ ಸುತ್ತು, ೯೧ ಪಂದ್ಯಗಳು.

ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದ ಪಶ್ಚಿಮದ ಅಂಕಣದಲ್ಲಿ ನಿಂತು ಹಾಡುವ ಅಭಿಮಾನಿ ಮರಳಿ ಬಂದದ್ದನ್ನು ಹೇಗೆ ಅರ್ಥೈಸಬೇಕು? ಹಿಂದಿನ ವಿವೇಚನೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಅವನು ಬಂದನೆಂದ ಮಾತ್ರಕ್ಕೆ ಅವನು ವ್ಯವಸ್ಥೆಯನ್ನು ಒಪ್ಪಿದನೆಂದಾಗಲಿ, ವೇತನ ನಿಂತದ್ದನ್ನು ಮರೆತನೆಂದಾಗಲಿ ಆಗುವುದಿಲ್ಲ. ಇದಕ್ಕೆ ಕೊಟ್ಟೂರಿನಲ್ಲಿಯೇ ಒಂದು ಸಾದೃಶ್ಯ ದೊರೆಯುತ್ತದೆ. ೨೦೧೭ರ ಫೆಬ್ರವರಿಯಲ್ಲಿ ಗುರುಬಸವೇಶ್ವರಸ್ವಾಮಿಯ ರಥ ಎಳೆಯುತ್ತಿದ್ದಾಗಲೇ ಉರುಳಿಬಿದ್ದಿತು. ಆ ಬಳಿಕವೂ ಜನ ಜಾತ್ರೆಗೆ ಬಂದರು. ಅವರು ಬಂದದ್ದು ಸ್ವಾಮಿಯ ಮೇಲಣ ಭಕ್ತಿಯಿಂದ; ಮುರಿದ ತೇರು ಗಟ್ಟಿಯಾಗಿತ್ತೆಂದು ಅವರಲ್ಲಿ ಯಾರೂ ಸಾಕ್ಷಿ ಹೇಳಿದಂತಾಗಲಿಲ್ಲ. ಮರಳುವುದು ಒಂದು, ಒಪ್ಪುವುದು ಇನ್ನೊಂದು. ಮೊದಲನೆಯದನ್ನು ಎಣಿಸಿ ಎರಡನೆಯದನ್ನು ಸಾಧಿಸುವವರು ಅಭಿಮಾನದ ಸ್ವರೂಪವನ್ನು ಅರಿಯದವರು. ಅವರ ಲೆಕ್ಕದಲ್ಲಿ ಸಂಬಳ ನಿಂತವನ ಅಹವಾಲೂ ಮುಚ್ಚಿಹೋಗುತ್ತದೆ.

ಇನ್ನೊಂದು ಕೊರತೆಯನ್ನೂ ಹೇಳಬೇಕು. ಹಡಗಲಿಯಲ್ಲಿಯೋ ಹರಪನಹಳ್ಳಿಯಲ್ಲಿಯೋ ಕುಳಿತು ದೂರದರ್ಶನದಲ್ಲಿ, ಕೈಯಲ್ಲಿರುವ ಫೋನಿನಲ್ಲಿ ಆಟವನ್ನು ಹಿಂಬಾಲಿಸುವವನು ಕ್ರೀಡಾಂಗಣದ ಬಾಗಿಲಿನ ಲೆಕ್ಕಕ್ಕೆ ಎಂದೂ ಸಿಕ್ಕುವುದಿಲ್ಲ. ಅವನ ಮುನಿಸು ಮೌನವಾದುದು. ನೋಡುವುದನ್ನು ಬಿಟ್ಟರೂ ಖಾಲಿಯಾಗಿ ಕಾಣುವ ಆಸನವಿಲ್ಲ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಇಂಥವರನ್ನು ಕಂಡು, ಆಟ ನಿಂತಾಗ ಅವರು ಏನನ್ನು ಕಳೆದುಕೊಂಡರು, ಮರಳಿದಾಗ ಯಾವುದನ್ನು ನೆನಪಿನಲ್ಲಿ ಇಟ್ಟುಕೊಂಡರು ಎಂಬುದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳುವುದಾದರೆ, ಟಿಕೆಟ್ಟಿನ ಲೆಕ್ಕ ಹೇಳದ ಅನೇಕ ಸಂಗತಿಗಳು ಬೆಳಕಿಗೆ ಬರಬಹುದು. ರಸವಿಚಾರವು ಗ್ರಂಥಗಳ ಒಳಗೇ ನಿಲ್ಲದೆ ಬದುಕಿರುವ ಪ್ರೇಕ್ಷಕನ ಬಳಿಗೆ ಹೋಗುವುದಕ್ಕೆ ಇದು ಒಂದು ದಾರಿಯೂ ಆದೀತು.