ಸಾಕ್ಷಿಯ ಮೌನ: ಮಿತಾಕ್ಷರೆ ಮತ್ತು ಮಳಿಮಠ ಸಮಿತಿಯ ವರದಿ — ಒಂದು ವಿಮರ್ಶೆ

ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಸೀಮೆಯಲ್ಲಿ ಇತಿಹಾಸವನ್ನು ಬೋಧಿಸತಕ್ಕವರು ಪ್ರತಿವರ್ಷವೂ ಒಂದಿಲ್ಲೊಂದು ಸಭೆಯಲ್ಲಿ ಕೇಳಬೇಕಾಗಿ ಬರುವ ಮಾತೊಂದುಂಟು. ಪ್ರಾಚೀನ ಕರ್ನಾಟಕದ ನ್ಯಾಯಪದ್ಧತಿಯು ಪರಿಪೂರ್ಣವಾಗಿತ್ತು. ಅಪರಾಧಕ್ಕೆ ತುತ್ತಾಗಿ ನೊಂದವನನ್ನು ಇಂದಿನ ನ್ಯಾಯಾಲಯಗಳು ಮರೆತಿರುವಂತೆ ಅಂದಿನ ಅರಸರು ಮರೆತಿರಲಿಲ್ಲ ಎಂಬುದೇ ಆ ಮಾತು. ಇದಕ್ಕೆ ಪ್ರತಿಯಾಗಿ ಕಾನೂನು ಓದಿದ ಮಿತ್ರರು, ಸಂತ್ರಸ್ತರ ಹಕ್ಕು, ಸಾಕ್ಷಿಗಳ ರಕ್ಷಣೆ ಎಂಬಿವೆಲ್ಲ ಪಶ್ಚಿಮದಿಂದ ಈಚೆಗೆ ಬಂದ ವಿಚಾರಗಳೆಂದು ಹೇಳುತ್ತಾರೆ. ಎರಡು ಪಕ್ಷಗಳನ್ನೂ ಒರೆಗೆ ಹಚ್ಚಲು ಕನ್ನಡ ನಾಡಿಗೆ ಸಂಬಂಧಪಟ್ಟ ಎರಡು ಬರಹಗಳು ನಮ್ಮ ಮುಂದಿವೆ. ಒಂದು ವಿಜ್ಞಾನೇಶ್ವರನ ಮಿತಾಕ್ಷರೆ. ಇನ್ನೊಂದು ಹುಬ್ಬಳ್ಳಿಯವರಾದ ನ್ಯಾಯಮೂರ್ತಿ ವಿ. ಎಸ್. ಮಳಿಮಠರ ಅಧ್ಯಕ್ಷತೆಯ ಸಮಿತಿಯು ೨೦೦೩ರಲ್ಲಿ ಕೇಂದ್ರ ಸರಕಾರಕ್ಕೆ ಒಪ್ಪಿಸಿದ ಅಪರಾಧ ನ್ಯಾಯವ್ಯವಸ್ಥೆಯ ಸುಧಾರಣೆಯ ವರದಿ. ಇವೆರಡರ ನಡುವೆ ಸುಮಾರು ಒಂಬೈನೂರು ವರ್ಷಗಳ ಅಂತರವಿದ್ದರೂ, ಸಾಕ್ಷಿಯ ವಿಷಯದಲ್ಲಿ ಎರಡೂ ಒಂದೇ ಕಡೆ ಎಡವಿವೆಯೆಂದು ನನ್ನ ಅಭಿಪ್ರಾಯ.

ಮಿತಾಕ್ಷರೆಯು ಕಲ್ಯಾಣ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ರಚಿತವಾದ ವ್ಯಾಖ್ಯಾನ. ದಾಯವಿಭಾಗದ ಪ್ರಕರಣದಿಂದ ಆ ಗ್ರಂಥಕ್ಕೆ ಬಂದ ಕೀರ್ತಿ ಎಷ್ಟು ದೊಡ್ಡದೆಂದರೆ, ಅದರ ವ್ಯವಹಾರಾಧ್ಯಾಯದ ಮಿಕ್ಕ ಭಾಗಗಳನ್ನು ಓದುವವರು ವಿರಳರಾಗಿದ್ದಾರೆ. ಆ ಭಾಗಗಳಲ್ಲಿ ಕಳವಿಗೆ ಸಂಬಂಧಿಸಿದ ವಿಧಿ ಗಮನಾರ್ಹವಾದುದು. ಕಳವಾದ ಒಡವೆಯನ್ನು ಕಳ್ಳನಿಂದ ಕಸಿದು ಒಡೆಯನಿಗೆ ಒಪ್ಪಿಸುವುದು ಅರಸನ ಹೊಣೆ. ಅದು ಆಗದಿದ್ದರೆ ಅವನು ತನ್ನ ಬೊಕ್ಕಸದಿಂದಲೇ ತೆರಬೇಕು. ಊರೊಳಗೆ ಕೊಲೆಯೋ ಕಳವೋ ನಡೆದು, ಹೆಜ್ಜೆಯ ಜಾಡು ಊರಿನ ಹೊರಗೆ ಹೋಗಿರದಿದ್ದರೆ ದೋಷವು ಗ್ರಾಮದ ಅಧಿಪತಿಯ ಮೇಲೆ ಬರುತ್ತದೆ. ಸರಕಾರದ ಬೊಕ್ಕಸದಿಂದ ಸಂತ್ರಸ್ತರಿಗೆ ಪರಿಹಾರ ಕೊಡುವ ಕಾಯಿದೆಯನ್ನು ನ್ಯೂಜಿಲೆಂಡ್ ದೇಶವು ೧೯೬೩ರಲ್ಲಿ ಮಾಡಿತು. ನಮ್ಮಲ್ಲಿ ಅಂಥ ಸಾಮಾನ್ಯ ವಿಧಿಯು ದಂಡ ಪ್ರಕ್ರಿಯಾ ಸಂಹಿತೆಯೊಳಗೆ ಸೇರಿ ಜಾರಿಗೆ ಬಂದುದು ೨೦೦೯ರ ಡಿಸೆಂಬರ್ ೩೧ರಂದು. ಆದುದರಿಂದ ಪರಿಹಾರದ ತತ್ತ್ವವು ಹೊರಗಿನಿಂದ ಬಂದುದೆನ್ನುವವರ ವಾದ ನಿಲ್ಲುವುದಿಲ್ಲ.

ಆದರೆ ಸ್ಮೃತಿಯು ಹೇಳುವುದು ವಿಧಿಯನ್ನು. ನಡೆದುದೇನೆಂಬುದಕ್ಕೆ ಶಾಸನಗಳನ್ನೇ ನೋಡಬೇಕು. ದಾನಶಾಸನಗಳಲ್ಲಿ ಗ್ರಾಮದೊಡನೆ ದಶಾಪರಾಧಗಳ ದಂಡವನ್ನೂ ಪ್ರತಿಗ್ರಹಿಗೆ ಬಿಟ್ಟುಕೊಡುವ ಉಲ್ಲೇಖ ಮತ್ತೆಮತ್ತೆ ಬರುತ್ತದೆ. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಪೊರಿಗೆರೆಯ, ಎಂದರೆ ಇಂದಿನ ಲಕ್ಷ್ಮೇಶ್ವರದ, ಮಹಾಜನರಿಗೂ ಪ್ರಜೆಗಳಿಗೂ ಹಾಕಿಕೊಟ್ಟ ಆಚಾರವ್ಯವಸ್ಥೆಯಲ್ಲಿಯೂ ದಂಡಗಳು ತೆರಿಗೆಗಳ ಸಾಲಿನಲ್ಲಿಯೇ ಬರುತ್ತವೆ. ಅಪರಾಧದ ದಂಡವು ಒಂದು ಉತ್ಪನ್ನ. ಅದನ್ನು ದಾನ ಮಾಡಬಹುದು, ಹಂಚಬಹುದು. ಅದರಲ್ಲಿ ಪೆಟ್ಟು ತಿಂದವನ ಪಾಲು ಎಷ್ಟೆಂಬ ಪ್ರಶ್ನೆ ಆ ಬರಹಗಳಲ್ಲಿ ಏಳುವುದಿಲ್ಲ. ತುರುಗೋಳಿನಲ್ಲಿ ಕಾದಿ ಮಡಿದವನಿಗೆ ವೀರಗಲ್ಲು ಉಂಟು, ಅವನ ಮನೆಯವರಿಗೆ ನೆತ್ತರುಗೊಡಗೆಯ ಭೂಮಿಯೂ ಉಂಟು. ಕಾದದೆ ಸುಮ್ಮನೆ ಕೊಲೆಯಾದವನಿಗೆ ಕಲ್ಲಿಲ್ಲ. ನಮ್ಮ ವೀರಗಲ್ಲುಗಳ ಅಧ್ಯಯನಗಳು ಈ ಭೇದವನ್ನು ಇನ್ನಷ್ಟು ಗಮನಿಸಬೇಕಾಗಿತ್ತು.

ಇನ್ನು ಸಾಕ್ಷಿಯ ವಿಚಾರ. ಮಿತಾಕ್ಷರೆಯ ಪ್ರಕಾರ ಸಾಕ್ಷಿಗಳು ಮೂವರಿಗೆ ಕಡಮೆಯಿರಬಾರದು. ಸ್ತ್ರೀಯರು, ಬಾಲಕರು, ವೃದ್ಧರು, ಜೂಜುಗಾರರು ಮೊದಲಾದ ಅನೇಕರು ಸಾಕ್ಷ್ಯಕ್ಕೆ ಅನರ್ಹರು. ಆದರೂ ಸ್ತ್ರೀಸಂಗ್ರಹಣ, ಕಳವು, ಪಾರುಷ್ಯ, ಸಾಹಸ ಎಂಬ ಪ್ರಕರಣಗಳಲ್ಲಿ ಎಲ್ಲರೂ ಸಾಕ್ಷಿಗಳಾಗಬಹುದು. ಹಿಂಸೆಯು ಯೋಗ್ಯ ಸಾಕ್ಷಿಗಳನ್ನು ಆರಿಸಿಕೊಂಡು ಅವರ ಮುಂದೆ ನಡೆಯತಕ್ಕದ್ದಲ್ಲವೆಂಬ ಲೋಕಾನುಭವ ಇಲ್ಲಿದೆ; ಇದು ಶ್ಲಾಘ್ಯವೇ ಸರಿ. ಆದರೆ ಆ ಸಾಕ್ಷಿಯನ್ನು ನಡೆಸಿಕೊಳ್ಳುವ ರೀತಿ ಎಂಥದು? ವಾದಿ ಪ್ರತಿವಾದಿಗಳ ಸಮೀಪದಲ್ಲಿಯೇ ಅವನನ್ನು ನಿಲ್ಲಿಸಿ, ಸುಳ್ಳು ಹೇಳಿದರೆ ಬರುವ ಪಾಪವನ್ನು ಕೇಳಿಸಬೇಕು. ಸಾಲದ ವ್ಯಾಜ್ಯದಲ್ಲಿ ಬಾಯಿ ಬಿಡದ ಸಾಕ್ಷಿಯಿಂದ ನಲವತ್ತಾರನೆಯ ದಿನ ಸಾಲವನ್ನೆಲ್ಲ ದಶಾಂಶದೊಡನೆ ವಸೂಲು ಮಾಡಬೇಕು. ತಿಳಿದೂ ಹೇಳದವನು ಪಾಪದಲ್ಲಿಯೂ ದಂಡದಲ್ಲಿಯೂ ಕೂಟಸಾಕ್ಷಿಗೆ ಸಮಾನನು. ಮೌನಕ್ಕೆ ರೋಗವೋ ವಿಪತ್ತೋ ಕಾರಣವಾದೀತೆಂಬುದನ್ನು ವ್ಯಾಖ್ಯಾನಕಾರನು ಬಲ್ಲನು. ಎದುರಿಗೆ ನಿಂತ ಬಲಾಢ್ಯನೇ ಕಾರಣವಾದಾನೆಂಬುದನ್ನು ಅವನು ವಿಚಾರಿಸುವುದಿಲ್ಲ. ಆಯಾ ಜಾತಿಯವರಿಗೆ ಆಯಾ ಜಾತಿಯವರು, ಇಲ್ಲವೆ ಎಲ್ಲರಿಗೂ ಎಲ್ಲರು ಸಾಕ್ಷಿಗಳೆಂಬ ವಿಧಿಯನ್ನು ಹೇಳಿದ ಮೇಲೆ, ಒಡೆಯನ ವಿರುದ್ಧ ಆಳು ಸಾಕ್ಷಿ ನುಡಿದರೆ ಮರುದಿನ ಅವನ ಗತಿಯೇನೆಂಬ ಪ್ರಶ್ನೆ ಸಹಜವಾಗಿ ಏಳಬೇಕಾಗಿತ್ತು. ಶಾಸ್ತ್ರವು ಸಾಕ್ಷಿಗೆ ನರಕದ ಭಯವನ್ನು ತೋರಿಸಿತು. ನೆರೆಮನೆಯ ಭಯವನ್ನು ಕಾಣಲಿಲ್ಲ.

ಮಳಿಮಠ ಸಮಿತಿಯ ವರದಿಯು ಈ ಭಯವನ್ನು ಕಂಡಿತು. ಅದರ ಈ ಹಿರಿಮೆಯನ್ನು ಮೊದಲು ಒಪ್ಪಿಕೊಳ್ಳಬೇಕು. ಸಾಕ್ಷಿಯನ್ನು ಗೌರವದಿಂದ ಕಾಣಬೇಕು, ಕುಳಿತುಕೊಳ್ಳಲು ಆಸನ ಕೊಡಬೇಕು, ಅವನ ಭತ್ಯೆಯ ದರಗಳನ್ನು ಪುನರ್ವಿಮರ್ಶಿಸಬೇಕು, ಪಾಟೀಸವಾಲಿನಲ್ಲಿ ಅವನಿಗೆ ಕಿರುಕುಳವಾಗದಂತೆ ನ್ಯಾಯಾಧೀಶರು ಎಚ್ಚರ ವಹಿಸಬೇಕು, ಸಾಕ್ಷಿಗೂ ಅವನ ಕುಟುಂಬಕ್ಕೂ ರಕ್ಷಣೆ ಕೊಡುವ ಕಾನೂನು ಬೇಕು ಎಂದು ಅದು ಶಿಫಾರಸು ಮಾಡಿತು. ಗಂಭೀರ ಅಪರಾಧಗಳಲ್ಲಿ ಸಂತ್ರಸ್ತನನ್ನು ಪಕ್ಷಕಾರನನ್ನಾಗಿ ಸೇರಿಸಿಕೊಳ್ಳಬೇಕು, ಬಡವನಾದರೆ ಸರಕಾರದ ವೆಚ್ಚದಲ್ಲಿ ವಕೀಲನನ್ನು ಒದಗಿಸಬೇಕು ಎಂದೂ ಹೇಳಿತು. ಇವು ಇಪ್ಪತ್ತು ವರ್ಷಗಳಾಚೆಗೂ ಹಳೆಯದಾಗದ ಮಾತುಗಳು.

ಆದರೆ ಇದೇ ವರದಿಯು ಇನ್ನೊಂದು ಕಡೆಯಲ್ಲಿ, ಸಂಶಯಾತೀತವಾದ ರುಜುವಾತು ಬೇಕೆಂಬ ಪ್ರಮಾಣವನ್ನು ಸಡಿಲಿಸಬೇಕೆಂದೂ, ಪೊಲೀಸ್ ಸೂಪರಿಂಟೆಂಡೆಂಟರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವೆಂದು ಅಂಗೀಕರಿಸಬೇಕೆಂದೂ ಸೂಚಿಸಿತು. ನೊಂದವರಿಗೆ ನ್ಯಾಯ ದೊರೆಯಬೇಕಾದರೆ ಆರೋಪಿಯ ರಕ್ಷೆಗಳು ಕುಗ್ಗಬೇಕೆಂಬ ತಕ್ಕಡಿಯ ಕಲ್ಪನೆ ಇದರ ಹಿಂದಿದೆ. ಅನೇಕ ವಿಮರ್ಶಕರು ಇದನ್ನು ಆರೋಪಿಯ ಹಕ್ಕಿನ ದೃಷ್ಟಿಯಿಂದ ಖಂಡಿಸಿದ್ದಾರೆ. ನನ್ನ ಆಕ್ಷೇಪವು ಬೇರೆ: ಇದರಿಂದ ನೊಂದವನಿಗೂ ಪ್ರಯೋಜನವಿಲ್ಲ.

ಕರ್ನಾಟಕದ್ದೇ ಒಂದು ಪ್ರಕರಣದಿಂದ ಇದು ಸ್ಪಷ್ಟವಾದೀತು. ಸಮಿತಿ ನೇಮಕವಾದ ವರ್ಷವೇ, ೨೦೦೦ದ ಮಾರ್ಚ್ ೧೧ರಂದು, ಅಂದಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರು ಬೆಂಕಿಯಲ್ಲಿ ಸುಟ್ಟು ಸತ್ತರು. ೨೦೦೬ರ ಡಿಸೆಂಬರಿನಲ್ಲಿ ಕೋಲಾರದ ನ್ಯಾಯಾಲಯವು ಆರೋಪಿಗಳೆಲ್ಲರನ್ನೂ ಬಿಡುಗಡೆ ಮಾಡಿತು. ಸಾಕ್ಷಿಗಳು ಪ್ರತಿಕೂಲರಾಗಿದ್ದರು, ಎಂದರೆ ತಾವು ಮೊದಲು ಕೊಟ್ಟ ಹೇಳಿಕೆಗಳನ್ನು ನ್ಯಾಯಾಲಯದಲ್ಲಿ ಸಮರ್ಥಿಸಲಿಲ್ಲ. ೨೦೧೪ರಲ್ಲಿ ಉಚ್ಚ ನ್ಯಾಯಾಲಯವೂ ಬಿಡುಗಡೆಯನ್ನು ಎತ್ತಿಹಿಡಿಯಿತು. ಏಳು ಮಂದಿ ಸತ್ತುದು ನಿರ್ವಿವಾದ. ಸಾಯಿಸಿದವರು ಯಾರೆಂಬುದು ನಿರ್ಣಯವಾಗಲಿಲ್ಲ. ಇಲ್ಲಿ ರುಜುವಾತಿನ ಪ್ರಮಾಣವನ್ನು ಎಷ್ಟು ಸಡಿಲಿಸಿದ್ದರೇನು? ತೂಗಲು ಸಾಕ್ಷ್ಯವೇ ಉಳಿಯದ ಮೇಲೆ ತಕ್ಕಡಿಯನ್ನು ತಿದ್ದುವುದರಿಂದ ಫಲವಿಲ್ಲ. ಘಟನೆಗೂ ತೀರ್ಪಿಗೂ ನಡುವಣ ಆರೂಮುಕ್ಕಾಲು ವರ್ಷಗಳಲ್ಲಿ ಸಾಕ್ಷಿಗಳ ಬದುಕು ಹೇಗೆ ಸಾಗಿತು, ಯಾರ ಹೊಲದಲ್ಲಿ ಕೂಲಿ ಸಿಕ್ಕಿತು, ಅವರ ಬಳಿಗೆ ಯಾರು ಬಂದು ಹೋದರು ಎಂಬುದನ್ನು ವಿಚಾರಣೆಯ ಕಡತವು ಬರೆದಿಡುವುದಿಲ್ಲ. ಪ್ರಕರಣ ಸೋತುದು ಅಲ್ಲಿ.

ಇದಕ್ಕೆ ಎದುರಾಗಿ ನಮ್ಮ ಇಳಕಲ್ಲಿನ ಗಡಿಗೆ ಹತ್ತಿದ ಕೊಪ್ಪಳ ಜಿಲ್ಲೆಯ ನಿದರ್ಶನವನ್ನು ಇಡಬಹುದು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ೨೦೧೪ರ ಆಗಸ್ಟಿನಲ್ಲಿ ದಲಿತರ ಮೇಲೆ ಹಲ್ಲೆ ನಡೆದು ಗುಡಿಸಲುಗಳಿಗೆ ಬೆಂಕಿ ಬಿದ್ದಿತು. ೨೦೨೪ರ ಅಕ್ಟೋಬರ್ ೨೪ರಂದು ಕೊಪ್ಪಳದ ಸೆಷನ್ಸ್ ನ್ಯಾಯಾಲಯವು ೯೮ ಮಂದಿಗೆ ಜೀವಾವಧಿ ಶಿಕ್ಷೆಯನ್ನೂ, ಮೂವರಿಗೆ ಐದು ವರ್ಷದ ಶಿಕ್ಷೆಯನ್ನೂ ವಿಧಿಸಿತು. ಇದು ಸಂಶಯಾತೀತ ರುಜುವಾತೆಂಬ ಹಳೆಯ ಪ್ರಮಾಣದ ಕೆಳಗೇ ಆದ ನಿರ್ಣಯ. ಸಾಕ್ಷ್ಯ ಉಳಿದು ಬಂದರೆ ಆ ಪ್ರಮಾಣವು ಅಡ್ಡಿಯಲ್ಲವೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ. ಮುಂದಿನ ತಿಂಗಳಲ್ಲಿಯೇ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು ಮೇಲ್ಮನವಿ ಸಲ್ಲಿಸಿದವರಲ್ಲಿ ಬಹುಮಂದಿಗೆ ಜಾಮೀನು ಕೊಟ್ಟಿತು. ಅದು ನ್ಯಾಯಾಲಯದ ವಿವೇಚನೆಗೆ ಸೇರಿದುದು. ಆದರೆ ನುಡಿದವರೂ ಶಿಕ್ಷಿತರೂ ಮತ್ತೆ ಒಂದೇ ಸೀಮೆಯಲ್ಲಿ ಬಾಳಬೇಕಾಗುತ್ತದೆಂಬುದನ್ನು, ಸಾಕ್ಷಿಯ ಕೆಲಸ ತೀರ್ಪಿನ ದಿನಕ್ಕೆ ಮುಗಿಯಿತೆಂದು ಭಾವಿಸುವವರು ನೆನೆಯಬೇಕು.

ವರದಿಯ ಅನಂತರ ಕಾನೂನು ಮುಂದೆ ಸಾಗಿದೆ, ಆದರೆ ಅರೆಮನಸ್ಸಿನಿಂದ. ೨೦೦೮ರ ತಿದ್ದುಪಡಿಯು ಸಂತ್ರಸ್ತನಿಗೆ ವಕೀಲನನ್ನು ಕೊಟ್ಟಿತು, ಅಭಿಯೋಜಕನಿಗೆ ಸಹಾಯ ಮಾಡುವ ಮಟ್ಟಿಗೆ ಮಾತ್ರ. ಆ ವಕೀಲನು ತಾನೇ ಸಾಕ್ಷಿಯನ್ನು ಪ್ರಶ್ನಿಸುವಂತಿಲ್ಲ, ಬಾಯಿಮಾತಿನ ವಾದ ಹೂಡುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು ೨೦೧೯ರಲ್ಲಿ ತೀರ್ಮಾನಿಸಿತು. ಸಾಕ್ಷಿ ರಕ್ಷಣಾ ಯೋಜನೆಗೆ ಅದೇ ನ್ಯಾಯಾಲಯವು ೨೦೧೮ರ ಡಿಸೆಂಬರಿನಲ್ಲಿ ಕಾನೂನಿನ ಬಲ ಕೊಟ್ಟಿತು. ಅದರ ಪ್ರಕಾರ ಅಂಜಿದ ಸಾಕ್ಷಿಯಾಗಲಿ, ಅವನ ಪರವಾಗಿ ಕುಟುಂಬದವರು, ವಕೀಲರು ಇಲ್ಲವೆ ತನಿಖಾಧಿಕಾರಿಯಾಗಲಿ ಅರ್ಜಿ ಹಾಕಬೇಕು. ಅಂಜಿಕೆ ಎಷ್ಟರದೆಂದು ಪೊಲೀಸ್ ಅಧಿಕಾರಿ ವರದಿ ಕೊಡಬೇಕು. ಜಿಲ್ಲಾ ನ್ಯಾಯಾಧೀಶರ ಸಮಿತಿ ಕೊಡುವ ರಕ್ಷಣೆಯು ಒಂದು ಸಲಕ್ಕೆ ಮೂರು ತಿಂಗಳನ್ನು ಮೀರಬಾರದು. ಹತ್ತು ವರ್ಷ ನಡೆದ ಮರಕುಂಬಿಯಂಥ ಪ್ರಕರಣಕ್ಕೆ ಇದನ್ನು ಅನ್ವಯಿಸಿದರೆ ಒಬ್ಬ ಸಾಕ್ಷಿಗೆ ನಲವತ್ತು ಆದೇಶಗಳು ಬೇಕು. ಓದುಬರಹವಿಲ್ಲದವನು ಮೊದಲನೆಯ ಅರ್ಜಿಯನ್ನೇ ಯಾರಿಂದ ಬರೆಸಬೇಕು?

ಆದುದರಿಂದ ಕೊರತೆಯಿರುವುದು ವಿಧಿಯಲ್ಲಿ ಅಲ್ಲ, ವ್ಯಕ್ತಿಯಲ್ಲಿ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ೧೯೭೪ರಲ್ಲಿ ಸ್ವಯಂಸೇವಕರು ಅಪರಾಧಕ್ಕೆ ತುತ್ತಾದವರ ಮನೆಗೇ ಹೋಗಿ ಕಾಣುವ ಪರಿಪಾಠ ಆರಂಭಿಸಿದರು. ಮುಂದೆ ಅದು ದೇಶವ್ಯಾಪಿ ಸಂಸ್ಥೆಯಾಯಿತು. ನಮ್ಮಲ್ಲಿಯೂ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ೨೦೧೨ರ ಕಾಯಿದೆಯ ನಿಯಮಗಳು ‘ಬೆಂಬಲ ವ್ಯಕ್ತಿ’ಯೊಬ್ಬನನ್ನು ಮಗುವಿಗೆ ಒದಗಿಸುತ್ತವೆ. ದೌರ್ಜನ್ಯ ತಡೆ ಕಾಯಿದೆಗೆ ೨೦೧೫ರಲ್ಲಿ ಆದ ತಿದ್ದುಪಡಿಯು ದಲಿತ ಸಂತ್ರಸ್ತರಿಗೂ ಸಾಕ್ಷಿಗಳಿಗೂ ಪ್ರಯಾಣದ ವೆಚ್ಚವನ್ನೂ, ಸಮಾಜ ಕಾರ್ಯಕರ್ತರ ಇಲ್ಲವೆ ವಕೀಲರ ನೆರವು ಪಡೆಯುವ ಹಕ್ಕನ್ನೂ ಕೊಟ್ಟಿದೆ. ಉಳಿದವರಿಗೆ ಇಂಥ ಜೊತೆಗಾರನಿಲ್ಲ. ಇಳಕಲ್ಲಿನ ನೇಕಾರನೊಬ್ಬ ದಾರಿಯಲ್ಲಿ ನಡೆದ ಹೊಡೆದಾಟವನ್ನು ಕಂಡನೆನ್ನಿ. ಸಮನ್ಸ್ ಬಂದ ದಿನ ಮಗ್ಗ ನಿಲ್ಲುತ್ತದೆ. ಹುನಗುಂದದ ಮೇಲಿಂದ ಬಾಗಲಕೋಟೆಯ ನವನಗರಕ್ಕೆ ಬಸ್ಸು ಹಿಡಿಯಬೇಕು. ಆರೋಪಿಯ ಕಡೆಯವರು ಅದೇ ಬಸ್ಸಿನಲ್ಲಿ ಇದ್ದಾರು. ಮಧ್ಯಾಹ್ನ ಮುದ್ದತು ಬಿದ್ದರೆ ನುಡಿಯದೆಯೇ ಮರಳಬೇಕು. ಸೀರೆಯ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಇಂಥ ಮೂರು ಮುದ್ದತುಗಳೇ ಸಾಕು, ಕಂಡುದನ್ನು ಕಾಣಲಿಲ್ಲವೆನ್ನಲು. ಬೆದರಿಕೆಯ ಅಗತ್ಯವೇ ಇರುವುದಿಲ್ಲ.

ಇತಿಹಾಸದ ವಿದ್ಯಾರ್ಥಿಗಳಿಗೆ ಇಲ್ಲಿ ಕೆಲಸವಿದೆ. ಬಾಗಲಕೋಟೆ, ಬಾದಾಮಿ, ಹುನಗುಂದಗಳ ನ್ಯಾಯಾಲಯಗಳ ಕಡತಗಳಲ್ಲಿ ತೀರ್ಪಿಗಿಂತ ಹಿಂದಿನ ಹಾಳೆಗಳನ್ನು, ಎಂದರೆ ಮುದ್ದತಿನ ತಾರೀಖುಗಳನ್ನೂ, ಸಾಕ್ಷಿ ಎಷ್ಟು ಸಲ ಬಂದು ಹೋದನೆಂಬುದನ್ನೂ, ಅವನಿಗೆ ಸಂದ ಭತ್ಯೆಯನ್ನೂ ಯಾರೂ ಇತಿಹಾಸದ ಆಕರವೆಂದು ಎಣಿಸಿದಂತಿಲ್ಲ. ದಾನಶಾಸನದ ದಶಾಪರಾಧವನ್ನು ಓದಿದಷ್ಟೇ ಶ್ರದ್ಧೆಯಿಂದ ಒಂದು ದಶಕದ ಕಡತಗಳನ್ನಾದರೂ ನಾವು ಓದಲು ಪ್ರಾರಂಭಿಸಬಹುದು. ಅದಕ್ಕೆ ಬೇಕಾದ ಅನುಮತಿಯನ್ನು ಜಿಲ್ಲಾ ನ್ಯಾಯಾಧೀಶರಲ್ಲಿ ವಿಭಾಗದ ಮೂಲಕವೇ ಕೇಳುವುದು ಉಚಿತ.