ಹಿರಿಯರ ಪಂಕ್ತಿಯಲ್ಲಿ ಒಂದು ಜಾಗ

2007ರ ಫೆಬ್ರವರಿಯಲ್ಲಿ ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆ ಮೂವರು ಗಿಟಾರ್ ವಾದಕರನ್ನು ಮುಖಪುಟಕ್ಕೆ ತಂದು, ಇವರೇ ಹೊಸ ಗಿಟಾರ್ ದೇವರುಗಳು ಎಂದು ಸಾರಿತು: ಜಾನ್ ಮೇಯರ್, ಡೆರೆಕ್ ಟ್ರಕ್ಸ್, ಜಾನ್ ಫ್ರೂಶಾಂಟೆ. ಬ್ಲೂಸ್ ಮತ್ತು ರಾಕ್ ಕೇಳಿ ಬೆಳೆದ ಹಿರಿಯ ರಸಿಕರಲ್ಲಿ ಹಲವರಿಗೆ ಇಂಥ ಮಾತು ಇಂದಿಗೂ ರುಚಿಸುವುದಿಲ್ಲ. ಜಿಮಿ ಹೆಂಡ್ರಿಕ್ಸ್, ಬಿ.ಬಿ. ಕಿಂಗ್, ಎರಿಕ್ ಕ್ಲಾಪ್ಟನ್, ಡುವೇನ್ ಆಲ್‌ಮನ್, ಸ್ಟೀವಿ ರೇ ವಾನ್ ಕೂತ ಪಂಕ್ತಿಯಲ್ಲಿ ಈ ಹುಡುಗರಿಗೂ ಎಲೆ ಹಾಕುವುದೇ ಎಂಬುದು ಅವರ ತಕರಾರು. ಅದರಲ್ಲಿ ಅರ್ಧ ಬರೀ ಪೂರ್ವಗ್ರಹ. ಉಳಿದರ್ಧದಲ್ಲಿ ತಿರುಳಿದೆ, ಅದಕ್ಕೆ ಸರಿಯಾದ ಉತ್ತರ ಸಿಗಬೇಕು.

ವಯಸ್ಸಿನ ಮಾತು ನಿಲ್ಲುವುದಿಲ್ಲ. ಹೆಂಡ್ರಿಕ್ಸ್ 1966ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಇಳಿದಾಗ ಅವನಿಗೆ 23. ನಾಲ್ಕು ವರ್ಷ ಕಳೆದು ತೀರಿಕೊಂಡಾಗ 27. ಬದುಕಿದ್ದಾಗ ಹೊರತಂದದ್ದು ಮೂರೇ ಸ್ಟುಡಿಯೋ ಆಲ್ಬಂ. ಡುವೇನ್ ಆಲ್‌ಮನ್ 1971ರಲ್ಲಿ ಹೋದದ್ದು 24ರ ಹರೆಯದಲ್ಲಿ. ಇವರೆಲ್ಲರ ಮೂಲಪುರುಷನೆನಿಸಿದ ರಾಬರ್ಟ್ ಜಾನ್ಸನ್ 1936 ಮತ್ತು 1937ರಲ್ಲಿ 29 ಹಾಡು ಧ್ವನಿಮುದ್ರಿಸಿ 27ಕ್ಕೇ ಕಣ್ಮುಚ್ಚಿದ. ಹೀಗೆ ಈ ಪರಂಪರೆಯನ್ನು ಕಟ್ಟಿದ್ದೇ ಮೀಸೆ ಬಲಿಯುವ ವಯಸ್ಸಿನವರು. ಮೇಯರ್ ಹುಟ್ಟಿದ್ದು 1977ರಲ್ಲಿ, ಅವನ ‘ರೂಮ್ ಫಾರ್ ಸ್ಕ್ವೇರ್ಸ್’ ಬಂದು ಇಪ್ಪತ್ತು ವರ್ಷ ದಾಟಿದೆ. ಅವನನ್ನು ಇನ್ನೂ ಹುಡುಗ ಎನ್ನುವವರು ಎಣಿಸುತ್ತಿರುವುದು ವಯಸ್ಸನ್ನಲ್ಲ. ಅವನು ತಡವಾಗಿ ಬಂದ ಎಂಬುದೇ ಅವರ ಮನಸ್ಸಿನಲ್ಲಿರುವುದು.

ಜನಪ್ರಿಯತೆಯ ವಿಷಯ ಇದಕ್ಕಿಂತ ಸೂಕ್ಷ್ಮ. ಮೇಯರ್ ಹೆಸರು ಮಾಡಿದ್ದು ಪ್ರೇಮಗೀತೆಗಳಿಂದ; ‘ಯುವರ್ ಬಾಡಿ ಈಸ್ ಎ ವಂಡರ್‌ಲ್ಯಾಂಡ್’ ಹಾಡಿಗೆ 2003ರಲ್ಲಿ ಗ್ರ್ಯಾಮಿ ಬಂತು. ಅವನ ಕಛೇರಿಗಳಿಗೆ ಹದಿಹರೆಯದ ಹುಡುಗಿಯರು ನೆರೆದರು. ಅಷ್ಟಕ್ಕೇ ಅವನು ನಿಜವಾದ ಗಿಟಾರಿಗನಲ್ಲ ಎಂದು ಎಷ್ಟೋ ಜನ ಷರಾ ಬರೆದುಬಿಟ್ಟರು. ಹುಡುಗಿಯರು ಮೆಚ್ಚಿದ ಸಂಗೀತ ಹಗುರವೇ ಆಗಿರಬೇಕೆಂಬ ಈ ನಂಬಿಕೆ ನನಗೆ ಅಸಹ್ಯ ತರಿಸುತ್ತದೆ. ಚಕ್ ಬೆರ್ರಿ ಹಾಡು ಕಟ್ಟಿದ್ದು ಹದಿಹರೆಯದವರಿಗಾಗಿಯೇ. ಬಿ.ಬಿ. ಕಿಂಗ್‌ನ ‘ದ ಥ್ರಿಲ್ ಈಸ್ ಗಾನ್’ 1970ರಲ್ಲಿ ಅಮೆರಿಕದ ಪಾಪ್ ಪಟ್ಟಿಯಲ್ಲಿ 15ನೇ ಸ್ಥಾನಕ್ಕೆ ಏರಿತ್ತು. ಮೈಕೆಲ್ ಜಾಕ್ಸನ್‌ನ ‘ಬೀಟ್ ಇಟ್’ ಹಾಡಿನ ಸೋಲೋ ಎಡ್ಡಿ ವ್ಯಾನ್ ಹೇಲನ್‌ನದು. ಸ್ಟೀವಿ ರೇ ವಾನ್‌ನ ಗಿಟಾರನ್ನು ಜಗತ್ತು ಮೊದಲು ಕೇಳಿದ್ದು 1983ರಲ್ಲಿ ಡೇವಿಡ್ ಬೋವಿಯ ‘ಲೆಟ್ಸ್ ಡಾನ್ಸ್’ ಎಂಬ ಕುಣಿತದ ಹಾಡಿನಲ್ಲಿ. ಹಿರಿಯರು ಪಾಪ್ ಸಂಗೀತದ ಅಂಗಳದಲ್ಲಿ ಆಡಿದಾಗ ಅದನ್ನು ಅವರ ಸಾಮರ್ಥ್ಯಕ್ಕೆ ಸಾಕ್ಷಿಯೆಂದು ಕೊಂಡಾಡುವವರು, ಕಿರಿಯರು ಅದೇ ಅಂಗಳದಲ್ಲಿ ಹುಟ್ಟಿದಾಗ ಮುಖ ಸಿಂಡರಿಸುವುದು ನ್ಯಾಯವಲ್ಲ.

ಇನ್ನು ನಿಜವಾದ ಆಕ್ಷೇಪ: ಇವರು ಅನುಕರಣೆ ಮಾಡುವವರು, ಇವರದ್ದೆಂಬುದು ಏನಿದೆ? ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಈ ಪರಂಪರೆಯ ಬುಡದಲ್ಲೇ ಅನುಕರಣೆಯಿದೆ. 1966ರಲ್ಲಿ ಜಾನ್ ಮೇಯಾಲ್‌ನ ‘ಬ್ಲೂಸ್‌ಬ್ರೇಕರ್ಸ್’ ಆಲ್ಬಮ್ಮಿನಲ್ಲಿ 21ರ ಕ್ಲಾಪ್ಟನ್ ನುಡಿಸಿದ ‘ಹೈಡ್‌ಅವೇ’ ಫ್ರೆಡ್ಡಿ ಕಿಂಗ್‌ನದು; ಅದರಲ್ಲೇ ಹಾಡಿದ ‘ರ‍್ಯಾಂಬ್ಲಿನ್ ಆನ್ ಮೈ ಮೈಂಡ್’ ರಾಬರ್ಟ್ ಜಾನ್ಸನ್‌ನದು. ವಾನ್‌ನ ಮೊದಲ ಆಲ್ಬಮ್ಮಿಗೆ ಹೆಸರು ಕೊಟ್ಟ ‘ಟೆಕ್ಸಸ್ ಫ್ಲಡ್’ 1958ರಲ್ಲಿ ಲ್ಯಾರಿ ಡೇವಿಸ್ ಹಾಡಿದ್ದು. ವಾನ್ ತಂತಿಯನ್ನು ಎಳೆದು ಸ್ವರವನ್ನು ಮೇಲಕ್ಕೊಯ್ಯುವ ರೀತಿಯಲ್ಲಿ ಆಲ್ಬರ್ಟ್ ಕಿಂಗ್ ಸ್ಪಷ್ಟವಾಗಿ ಕೇಳಿಸುತ್ತಾನೆ. ಹಾಗಾಗಿ ಪಾಠಾಂತರ ಎಲ್ಲಿಂದ ಬಂತು ಎಂದು ಹುಡುಕಿ ಯಾರನ್ನೂ ಕೆಳಗಿಳಿಸಲಾಗದು. ಪಾಠ ಮುಗಿದ ಮೇಲೆ ಏನಾಯಿತು ಎಂದು ಕೇಳಬೇಕು. ಕ್ಲಾಪ್ಟನ್ ಲೆಸ್ ಪಾಲ್ ಗಿಟಾರನ್ನು ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿ, ಸದ್ದನ್ನು ಅದು ಒಡೆಯುವ ತನಕ ಏರಿಸಿ, ಒಂದು ಸ್ವರವನ್ನು ಪಿಟೀಲಿನಂತೆ ಎಳೆದು ನಿಲ್ಲಿಸಿದ. ಹೆಂಡ್ರಿಕ್ಸ್ ಸ್ಪೀಕರಿನ ಕಿರುಚಾಟವನ್ನೇ ಸ್ವರವಾಗಿಸಿಕೊಂಡ. ಅವರಾದ ಮೇಲೆ ಗಿಟಾರಿಗೆ ಹಿಂದೆ ಬಾರದಿದ್ದ ಮಾತು ಬಂತು. ನನ್ನ ಮಟ್ಟಿಗೆ ಹಿರಿಮೆಯ ಅಳತೆಗೋಲು ಇದೇ.

ಪತ್ರಿಕೆಗಳ ಪಟ್ಟಿಗಳಿಗೆ ಇಂಥ ಅಳತೆಗೋಲು ಇಲ್ಲ. ‘ರೋಲಿಂಗ್ ಸ್ಟೋನ್’ನ 2003ರ ಪಟ್ಟಿಯಲ್ಲಿ ವ್ಯಾನ್ ಹೇಲನ್ 70ನೆಯವನು, 2011ರಲ್ಲಿ 8ನೆಯವನು, 2023ರಲ್ಲಿ 4ನೆಯವನು. ಅವನ ಹೆಸರು ನಿಂತಿರುವ ‘ಇರಪ್ಶನ್’ 1978ರದು, ಅದರ ಒಂದು ಸ್ವರವೂ ನಡುವೆ ಬದಲಾಗಿಲ್ಲ. ರಾಕ್ ಹುಟ್ಟುವ ಮೊದಲೇ ಎಲೆಕ್ಟ್ರಿಕ್ ಗಿಟಾರ್ ಹಿಡಿದು ದೇವರ ಹಾಡುಗಳನ್ನು ಗುಡುಗಿಸಿದ ಸಿಸ್ಟರ್ ರೊಸೆಟ್ಟಾ ಥಾರ್ಪ್ 2003ರ ನೂರು ಹೆಸರುಗಳಲ್ಲಿ ಇರಲೇ ಇಲ್ಲ. 2023ರಲ್ಲಿ ಆಕೆ 6ನೇ ಸ್ಥಾನಕ್ಕೆ ಬಂದರು. ಈ ಏರಿಳಿತ ಹೇಳುವುದು ಪಟ್ಟಿ ಮಾಡಿದವರ ಕಿವಿಯ ಕಥೆಯನ್ನು. 2003ರಲ್ಲಿ 81ನೆಯವನಾಗಿದ್ದ ಡೆರೆಕ್ ಟ್ರಕ್ಸ್ 2011ರಲ್ಲಿ 16ಕ್ಕೆ ಏರಿದ ಎಂಬುದನ್ನೂ ನಾನು ಅವನ ಪರವಾದ ವಾದಕ್ಕೆ ಬಳಸುವುದಿಲ್ಲ. ಅವನ ಪರವಾಗಿ ಹೇಳಲು ಬೇರೆಯೇ ಇದೆ.

ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ 1979ರಲ್ಲಿ ಹುಟ್ಟಿದ ಟ್ರಕ್ಸ್, ಆಲ್‌ಮನ್ ಬ್ರದರ್ಸ್ ಬ್ಯಾಂಡಿನ ಡ್ರಮ್ಮರ್ ಬುಚ್ ಟ್ರಕ್ಸ್‌ನ ಸೋದರನ ಮಗ. ಒಂಬತ್ತನೇ ವಯಸ್ಸಿನಲ್ಲಿ, ಯಾರದೋ ಮನೆಯಂಗಳದಲ್ಲಿ ಹಳೆಯ ಸಾಮಾನು ಮಾರುತ್ತಿದ್ದಾಗ ಐದು ಡಾಲರಿಗೆ ಒಂದು ಗಿಟಾರ್ ಕೊಂಡ. ಉಂಗುರಬೆರಳಿಗೆ ಗಾಜಿನ ಕೊಳವೆ ಸಿಕ್ಕಿಸಿಕೊಂಡು ತಂತಿಯ ಮೇಲೆ ಜಾರಿಸುವ ಸ್ಲೈಡ್ ವಾದನವನ್ನು ಹಿಡಿದ. 1999ರಲ್ಲಿ ಆಲ್‌ಮನ್ ಬ್ರದರ್ಸ್ ಸೇರಿದಾಗ, ಡುವೇನ್ ನಿಂತಿದ್ದ ಜಾಗದಲ್ಲಿ ನಿಲ್ಲುವ ಭಾರ ಅವನ ಮೇಲಿತ್ತು. ಅಲ್ಲಿ ಅವನು ಬರೀ ಡುವೇನ್‌ನ ನೆರಳಾಗಿಬಿಡಬಹುದಿತ್ತು. ಆಗಲಿಲ್ಲ. ಕಾರಣ ನಮ್ಮ ಕಡೆಯದು.

ಟ್ರಕ್ಸ್ ಕ್ಯಾಲಿಫೋರ್ನಿಯಾದ ಸ್ಯಾನ್ ರಫೇಲ್‌ನಲ್ಲಿರುವ ಸರೋದ್ ವಾದಕ ಅಲಿ ಅಕ್ಬರ್ ಖಾನರ ಸಂಗೀತ ಕಾಲೇಜಿಗೆ ಹೋಗಿ ಕಲಿತವನು. ಸರೋದಿಗೆ ಫ್ರೆಟ್ಟಿಲ್ಲ, ಉಗುರು ಉಕ್ಕಿನ ತಗಡಿನ ಮೇಲೆ ಜಾರುತ್ತದೆ. ಸ್ಲೈಡ್ ಗಿಟಾರಿನಲ್ಲೂ ಗಾಜು ತಂತಿಯ ಮೇಲೆ ತೇಲುವುದರಿಂದ ಫ್ರೆಟ್ಟು ಇದ್ದೂ ಇಲ್ಲದಂತೆಯೇ. ಬ್ಲೂಸಿನ ಜೀವಸ್ವರ ನಮ್ಮ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ಇದೆ, ಪಿಯಾನೋದಲ್ಲಿ ಅದಕ್ಕೆ ಮನೆಯಿಲ್ಲ. ಹೆಚ್ಚಿನ ಬ್ಲೂಸ್ ವಾದಕರು ಆ ಜಾಗವನ್ನು ಮುಟ್ಟಿ ಸರಿದುಹೋಗುತ್ತಾರೆ. ಟ್ರಕ್ಸ್ ಅಲ್ಲಿ ನಿಲ್ಲುತ್ತಾನೆ, ಕೆಳಗಿನಿಂದ ಬಂದು ಅದರ ಸುತ್ತ ಓಡಾಡುತ್ತಾನೆ, ಕೆಲವೊಮ್ಮೆ ಮೇಲಿನ ಸ್ವರವನ್ನು ಸುಮ್ಮನೆ ತೋರಿಸಿ ಹಿಂತಿರುಗುತ್ತಾನೆ. ಮೀಂಡ್ ಎಂದರೇನೆಂದು ಗೊತ್ತಿರುವ ಕಿವಿಗೆ ಇದು ತಟ್ಟನೆ ಹೊಳೆಯುತ್ತದೆ. ನುಸ್ರತ್ ಫತೇ ಅಲಿ ಖಾನರ ಖವ್ವಾಲಿಯನ್ನು ಅವನು 2006ರ ‘ಸಾಂಗ್‌ಲೈನ್ಸ್’ ಆಲ್ಬಮ್ಮಿನಲ್ಲಿ ಗಿಟಾರಿಗೆ ತಂದಿದ್ದಾನೆ. ಭಾರತದ ಹೆಸರು ಹೇಳಿಕೊಂಡು ಒಂದು ಸಿತಾರ್ ಸೇರಿಸಿ ಕೈತೊಳೆದುಕೊಂಡ ರಾಕ್ ಹಾಡುಗಳು ಬೇಕಾದಷ್ಟಿವೆ. ಇದು ಆ ಜಾತಿಯದಲ್ಲ. ಅಂದಹಾಗೆ, ಗಿಟಾರನ್ನು ಮಡಿಲಲ್ಲಿಟ್ಟು ಹಿಂದೂಸ್ತಾನಿ ರಾಗ ನುಡಿಸಿ 1967ರ ‘ಕಾಲ್ ಆಫ್ ದ ವ್ಯಾಲಿ’ಯಲ್ಲಿ ಮನೆಮಾತಾದ ಬ್ರಿಜ್ ಭೂಷಣ್ ಕಾಬ್ರಾ ಕೂಡ ಅಲಿ ಅಕ್ಬರ್ ಖಾನರ ಶಿಷ್ಯರೇ. ಒಂದೇ ಸರೋದಿನಿಂದ ಎರಡು ಖಂಡಗಳ ಗಿಟಾರಿಗೆ ನೀರು ಹರಿದಿದೆ.

ಹೆಂಡತಿ ಸೂಸನ್ ಟೆಡೆಸ್ಕಿಯೊಡನೆ 2010ರಲ್ಲಿ ಕಟ್ಟಿದ ಬ್ಯಾಂಡಿನಲ್ಲಿ ಟ್ರಕ್ಸ್ ನುಡಿಸುವ ‘ಮಿಡ್‌ನೈಟ್ ಇನ್ ಹಾರ್ಲಮ್’ ಕೇಳಬೇಕು. 2012ರ ನೇರ ಧ್ವನಿಮುದ್ರಣದಲ್ಲಿ ಹಾಡಿಗೆ ಮುಂಚೆ ಒಂದು ಪೀಠಿಕೆಯಿದೆ, ಅದಕ್ಕೆ ಅವರಿಟ್ಟ ಹೆಸರು ‘ಸ್ವಾಂಪ್ ರಾಗ’. ಆಲಾಪದ ಹಾಗೆ ತಾಳವಿಲ್ಲದೆ, ಆಧಾರಶ್ರುತಿಯನ್ನು ಬಿಡದೆ ನಡೆಯುತ್ತದೆ. ಬಳಿಕ ಟೆಡೆಸ್ಕಿಯ ಹಾಡುಗಾರಿಕೆ. ಸೋಲೋದ ಸರದಿ ಬಂದಾಗ ಟ್ರಕ್ಸ್ ಆಕೆ ನಿಲ್ಲಿಸಿದ ಭಾವದಿಂದಲೇ ಎತ್ತಿಕೊಳ್ಳುತ್ತಾನೆ, ತಗ್ಗಿದ ದನಿಯಲ್ಲಿ. ಮೇಲಿನ ಸ್ಥಾಯಿಗೆ ಹೋಗಲು ಅವಸರವಿಲ್ಲ. ಹೋದ ಮೇಲೂ ಚೀರುವುದಿಲ್ಲ. ಬೆರಳಿಗೆ ಪ್ಲೆಕ್ಟ್ರಮ್ ಇಲ್ಲ, ಕಾಲಬುಡದಲ್ಲಿ ಪೆಡಲ್ಲುಗಳ ಸಾಲಿಲ್ಲ. ದನಿ ಗಟ್ಟಿಯಾಗುವುದೂ ಮೆತ್ತಗಾಗುವುದೂ ಬಲಗೈ ಬೆರಳಿನ ಒತ್ತಡದಿಂದಲೇ. ಸ್ಲೈಡ್ ವಾದನ ಇಷ್ಟು ಹಾಡಬಲ್ಲದು ಎಂದು ಅವನಿಗಿಂತ ಮುಂಚೆ ಯಾರೂ ಹೀಗೆ ತೋರಿಸಿರಲಿಲ್ಲ. ಡೆರೆಕ್ ಟ್ರಕ್ಸ್ ಹಿರಿಯರ ಪಂಕ್ತಿಯವನು, ಮೊದಲ ಸಾಲಿನವನು. ಇದರಲ್ಲಿ ನನಗೆ ಅನುಮಾನವಿಲ್ಲ.

ಫ್ರೂಶಾಂಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಅಂಡರ್ ದ ಬ್ರಿಡ್ಜ್’ ಹಾಡಿನ ಮೊದಲ ಅರ್ಧ ನಿಮಿಷಕ್ಕಾಗಿ ಅವನನ್ನು ಪ್ರೀತಿಸಬಹುದು, ನಾನು ಪ್ರೀತಿಸುತ್ತೇನೆ. ಆದರೆ ಅವನ ಹಿರಿಮೆ ಒಂದು ಬ್ಯಾಂಡಿನ ಒಳಗಿನದು.

ಮೇಯರ್ ಕಷ್ಟದ ಪ್ರಕರಣ. ಹದಿಮೂರನೇ ವಯಸ್ಸಿನಲ್ಲಿ ನೆರೆಮನೆಯವರು ಕೊಟ್ಟ ಸ್ಟೀವಿ ರೇ ವಾನ್ ಕ್ಯಾಸೆಟ್ಟು ಅವನ ಬದುಕನ್ನು ತಿರುಗಿಸಿತು. ಆ ಕ್ಯಾಸೆಟ್ಟು ಅವನ ಸೋಲೋಗಳಲ್ಲಿ ಇನ್ನೂ ತಿರುಗುತ್ತಿದೆ. 2007ರ ಡಿಸೆಂಬರಿನಲ್ಲಿ ಲಾಸ್ ಏಂಜಲಿಸ್‌ನಲ್ಲಿ ಒಂದೇ ಸಂಜೆ ಮೂರು ಬಗೆಯ ಕಛೇರಿ ಕೊಟ್ಟು ‘ವೇರ್ ದ ಲೈಟ್ ಈಸ್’ ಎಂದು ಬಿಡುಗಡೆ ಮಾಡಿದ. ಅದರ ‘ಗ್ರಾವಿಟಿ’ಯ ಸೋಲೋ ಚೆಲುವಾದದ್ದು, ಸ್ವರ ಕಡಿಮೆ, ಬಿಡುವು ಹೆಚ್ಚು. ಆದರೆ ಒಂದೊಂದು ಸಂಗತಿಯ ಹುಟ್ಟೂರನ್ನೂ ಹೇಳಿಬಿಡಬಹುದು: ಇದು ಬಿ.ಬಿ. ಕಿಂಗ್, ಇದು ವಾನ್, ಇದು ಹೆಂಡ್ರಿಕ್ಸ್. ಸೋಲೋ ಒಂದನ್ನೇ ಅಳೆದರೆ ಹಿರಿಯ ರಸಿಕರ ತಕರಾರಿಗೆ ಗೆಲುವು.

ಸೋಲೋ ಒಂದನ್ನೇ ಏಕೆ ಅಳೆಯಬೇಕು? ಇಲ್ಲಿ ಈ ಪರಂಪರೆಯ ಅಳತೆಯಲ್ಲೇ ದೋಷವಿದೆ. ಅರವತ್ತರ ದಶಕದಿಂದ ಅದು ಗಿಟಾರಿಗನೆಂದರೆ ಮುಂದೆ ಬಂದು, ಕಣ್ಣು ಮುಚ್ಚಿ, ಎತ್ತರದ ಸ್ವರ ಎಳೆಯುವವನು ಎಂದೇ ನಂಬಿದೆ. ಸ್ಟ್ಯಾಕ್ಸ್ ಕಂಪನಿಯ ಹಾಡುಗಳಿಗೆ ಬೆನ್ನೆಲುಬಾದ ಸ್ಟೀವ್ ಕ್ರಾಪರ್‌ನಿಗೂ ಮೆಲುದನಿಯಲ್ಲಿ ಕಾರ್ಡುಗಳನ್ನು ಮಾತಾಡಿಸಿದ ಕರ್ಟಿಸ್ ಮೇಫೀಲ್ಡ್‌ನಿಗೂ ಸಲ್ಲಬೇಕಾದ್ದು ಸಂದಿಲ್ಲ. ಹೆಂಡ್ರಿಕ್ಸ್‌ನ 1967ರ ‘ಲಿಟಲ್ ವಿಂಗ್’ನಲ್ಲಿ ಕಾರ್ಡಿನೊಳಗೇ ರಾಗ ಅರಳುವ ಕ್ರಮ ಮೇಫೀಲ್ಡ್‌ನಿಂದ ಬಂದದ್ದು. ಮೇಯರ್‌ನ ನಿಜವಾದ ವಂಶ ಇದು. ‘ನಿಯಾನ್’ ಹಾಡನ್ನು ಅವನು ಒಬ್ಬನೇ ನುಡಿಸುವುದನ್ನು ಕೈಗಳ ಮೇಲೆ ಕಣ್ಣಿಟ್ಟು ನೋಡಬೇಕು. ದಪ್ಪ ತಂತಿಯನ್ನು ಸಿ ಸ್ವರಕ್ಕೆ ಸಡಿಲಿಸಿರುತ್ತಾನೆ. ಬಲಗೈ ಹೆಬ್ಬೆರಳು ಆ ತಂತಿಗೆ ಬಡಿದು ಖರ್ಜ ಮತ್ತು ತಾಳ ಎರಡನ್ನೂ ಹೊರುತ್ತದೆ, ತೋರುಬೆರಳು ಅದರ ಸಂದಿಯಲ್ಲಿ ಮೇಲಿನ ತಂತಿಗಳನ್ನು ಮೀಟುತ್ತದೆ, ಎಡಗೈ ಹೆಬ್ಬೆರಳು ಗಿಟಾರಿನ ಕತ್ತನ್ನು ದಾಟಿಬಂದು ಮತ್ತೊಂದು ಸ್ವರ ಹಿಡಿಯುತ್ತದೆ. ಇಷ್ಟರ ಮೇಲೆ ಅವನು ಹಾಡುತ್ತಾನೆ, ಹಾಡಿನ ಲಯ ಕೈಯ ಲಯಕ್ಕಿಂತ ಬೇರೆ. ಬೆಂಗಳೂರಿನಲ್ಲಿ ಗಿಟಾರ್ ಕಲಿಯುವ ಮಕ್ಕಳು ಇದನ್ನು ಅಭ್ಯಾಸ ಮಾಡಲು ಹೋಗಿ ಬೆರಳು ಸೋತು ಕೂತಿರುವುದನ್ನು ನಾನು ಕಂಡಿದ್ದೇನೆ. ಅವರ ಕೈಗೆ ಇದು ಬರಲಿ ಬಿಡಲಿ, ಪಕ್ಕವಾದ್ಯವೇ ಮುಖ್ಯವಾದ್ಯವಾಗಬಹುದು ಎಂದು ಒಂದು ಇಡೀ ಪೀಳಿಗೆ ಕಲಿತದ್ದು ಮೇಯರ್‌ನಿಂದ. ಆ ಕಾರಣಕ್ಕೆ ಅವನಿಗೂ ಪಂಕ್ತಿಯಲ್ಲಿ ಜಾಗವಿದೆ, ವಾನ್‌ನ ಪಕ್ಕದಲ್ಲಲ್ಲ, ಮೇಫೀಲ್ಡ್‌ನ ಪಕ್ಕದಲ್ಲಿ.

ಆ ಮುಖಪುಟದ ಮೂವರೂ ಬಿಳಿಯರು ಎಂಬುದನ್ನು ಹೇಳದೆ ಬಿಟ್ಟರೆ ತಪ್ಪಾದೀತು. ಈ ಸಂಗೀತ ಮಿಸಿಸಿಪ್ಪಿಯ ಹತ್ತಿ ಹೊಲಗಳಲ್ಲಿ ದುಡಿದ ಕಪ್ಪು ಜನರದು, ದೇವರ ಪಟ್ಟ ಮಾತ್ರ ಮತ್ತೆ ಮತ್ತೆ ಬೇರೆಯವರಿಗೆ ಹೋಗಿದೆ. ಇವತ್ತು ಆಸ್ಟಿನ್‌ನ ಗ್ಯಾರಿ ಕ್ಲಾರ್ಕ್ ಜೂನಿಯರ್ ಇದ್ದಾನೆ. ಬ್ಲೂಸಿನ ತವರು ಕ್ಲಾರ್ಕ್ಸ್‌ಡೇಲ್‌ನಲ್ಲೇ 1999ರಲ್ಲಿ ಹುಟ್ಟಿ, ಅಲ್ಲಿನ ಡೆಲ್ಟಾ ಬ್ಲೂಸ್ ಮ್ಯೂಸಿಯಮ್ಮಿನ ತರಗತಿಗಳಲ್ಲಿ ಕಲಿತು, 2022ರಲ್ಲಿ ಗ್ರ್ಯಾಮಿ ಪಡೆದ ಕ್ರಿಸ್ಟೋನ್ ‘ಕಿಂಗ್‌ಫಿಶ್’ ಇಂಗ್ರಮ್ ಇದ್ದಾನೆ. ಕ್ಲಾರ್ಕ್‌ನ ‘ದಿಸ್ ಲ್ಯಾಂಡ್’ನಲ್ಲಿ ಸಿಟ್ಟು ಗಿಟಾರಿನ ದನಿಯೊಳಗೇ ಸೇರಿಕೊಂಡಿದೆ, ಹೊರಗಿನಿಂದ ಹಚ್ಚಿದ್ದಲ್ಲ. ಕಿಂಗ್‌ಫಿಶ್‌ನ ಕೈಯಲ್ಲಿ ಬಿ.ಬಿ. ಕಿಂಗ್ ಮತ್ತು ಬಡ್ಡಿ ಗೈ ಇಬ್ಬರೂ ಆರೋಗ್ಯವಾಗಿದ್ದಾರೆ. ಆದರೂ ಮೇಯರ್‌ಗೆ ಹಿಡಿದ ಅಳತೆಗೋಲನ್ನೇ ಅವನಿಗೂ ಹಿಡಿಯಬೇಕು: ಅವನದೇ ಎನ್ನುವ ಮಾತು ಇನ್ನೂ ಬಂದಿಲ್ಲ. ಬರುವ ಲಕ್ಷಣಗಳಿವೆ.

ಮೇಯರ್ ವಿಷಯದಲ್ಲಿ ಇನ್ನೊಂದು ಮಾತು ಬಾಕಿ. 2015ರಲ್ಲಿ ಅವನು ಗ್ರೇಟ್‌ಫುಲ್ ಡೆಡ್‌ನ ಹಳಬರೊಂದಿಗೆ ‘ಡೆಡ್ ಅಂಡ್ ಕಂಪನಿ’ ಸೇರಿ, 1995ರಲ್ಲಿ ತೀರಿಕೊಂಡ ಜೆರ್ರಿ ಗಾರ್ಸಿಯಾನ ಭಾಗ ನುಡಿಸತೊಡಗಿದ. ಅಲ್ಲಿ ವಾನ್‌ನ ಕಸರತ್ತಿಗೆ ಬೆಲೆಯಿಲ್ಲ. ಇಪ್ಪತ್ತು ನಿಮಿಷ ಹರಿಯುವ ಮನೋಧರ್ಮದಲ್ಲಿ ಎಲ್ಲರನ್ನೂ ಕೇಳಿಸಿಕೊಂಡು, ತೆಳುವಾದ ಸ್ವಚ್ಛ ದನಿಯಲ್ಲಿ ಮಾತು ಸೇರಿಸಬೇಕು. ನಲವತ್ತರ ಹೊಸ್ತಿಲಲ್ಲಿ ನಿಂತ ತಾರೆ ತನ್ನ ಕೈಯ ರೂಢಿಯನ್ನು ಬಿಟ್ಟು ಮತ್ತೆ ಶಿಷ್ಯನಾದ, ವರ್ಷದಿಂದ ವರ್ಷಕ್ಕೆ ಅವನ ವಾಕ್ಯಗಳು ಉದ್ದವಾದವು, ಅವಸರ ತಗ್ಗಿತು. ಅಲ್ಲಿ ಕಲಿತದ್ದು ಅವನ ಸ್ವಂತ ಆಲ್ಬಮ್ಮುಗಳಿಗೆ ಇನ್ನೂ ಇಳಿದಿಲ್ಲ. ಸ್ಟೀವ್ ಜೋರ್ಡನ್, ಪಿನೋ ಪಲಾಡಿನೋ ಜೊತೆ 2005ರಲ್ಲಿ ‘ಟ್ರೈ!’ ಎಂಬ ನೇರ ಕಛೇರಿಯ ಆಲ್ಬಂ ತಂದ ಆ ಮೂವರ ತಂಡ ಇದುವರೆಗೆ ಒಂದೂ ಸ್ಟುಡಿಯೋ ಆಲ್ಬಂ ಕೊಟ್ಟಿಲ್ಲ. ಮೇಯರ್ ಈಗ ನುಡಿಸುತ್ತಿರುವ ರೀತಿಯಲ್ಲಿ ಅದು ಬರಬೇಕು, ಗಿಟಾರಿಗೆ ಜಾಗ ಬಿಟ್ಟುಕೊಟ್ಟು. ಬಂದರೆ ಅವನ ಸೋಲೋಗಳ ಬಗ್ಗೆ ಮೇಲೆ ಬರೆದದ್ದನ್ನು ಸಂತೋಷದಿಂದ ತಿದ್ದುತ್ತೇನೆ.